ವಿವೇಕಿಗಳ ಅಂಗಡಿ

ಆ ಬೀದಿಯಲ್ಲಿ ಯಾರ ಮನೆಯ ಜಗಳವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ. ಅಣ್ಣತಮ್ಮಂದಿರು ಒಂದು ಮೊಳ ಗೋಡೆಗಾಗಿ ಕಿತ್ತಾಡಲಿ, ಮಹಡಿಯವರು ಕೆಳಗಿನವರ ಮೇಲೆ ಬಟ್ಟೆ ಹಿಂಡಿದ ನೀರು ಸುರಿಯಲಿ, ಗಂಡ ಹೆಂಡತಿ ತಿಂಗಳುಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡಲಿ, ‘ನಡಿ, ವಿವೇಕಿಗಳನ್ನೇ ಕೇಳೋಣ’ ಎಂದು ಯಾರಾದರೊಬ್ಬರು ಅನ್ನುತ್ತಿದ್ದರು. ವಿವೇಕಿಗಳೆಂದರೆ ಔಷಧಿ ಅಂಗಡಿಯ ಯಜಮಾನರು. ಯಾವುದೋ ಕಾಲದಲ್ಲಿ ಶಾಲೆಯ ಸಮಾರಂಭದಲ್ಲಿ ಭಾಷಣ ಮಾಡಿದವರೊಬ್ಬರು ‘ನಮ್ಮ ನಡುವಿನ ವಿವೇಕಿಗಳು’ ಎಂದಿದ್ದರಂತೆ. ಭಾಷಣಕಾರರನ್ನು ಜನ ಮರೆತರು, ಹೆಸರು ಮಾತ್ರ ಅಂಟಿಕೊಂಡಿತು. ಎಪ್ಪತ್ತೆರಡು ವರ್ಷದ ಅವರು ಗಲ್ಲಾದ ಹಿಂದಿನ ಕೈಕುರ್ಚಿಯಲ್ಲಿ ಕೂತು, ಎರಡೂ ಕಡೆಯವರ ಮಾತನ್ನು ಕಣ್ಣು ಮುಚ್ಚಿ ಕೇಳಿ, ‘ನೋಡಪ್ಪಾ’ ಎಂದು ಶುರುಮಾಡಿದರೆ ಎಂಥ ಬಾಯಿಬಡುಕನೂ ತೆಪ್ಪಗಾಗುತ್ತಿದ್ದ.

ಮನೆಯೊಳಗೆ ಆ ‘ನೋಡಪ್ಪಾ’ ‘ನೋಡಮ್ಮಾ’ ಆಗುತ್ತಿತ್ತು. ಅದು ಹೋಗಿ ತಾಕುತ್ತಿದ್ದದ್ದು ಸೊಸೆಗೆ.

ಸೊಸೆ ಔಷಧಿಯ ಓದು ಓದಿದವಳು. ಮದುವೆಯಾಗಿ ಹನ್ನೆರಡು ವರ್ಷ. ಓದಿಲ್ಲದವರ ಹೆಸರಿನಲ್ಲಿ ಅಂಗಡಿ ನಡೆಸುವಂತಿಲ್ಲ ಎಂದು ಕಾನೂನು ಬಿಗಿಯಾದಾಗ ಮಾವ ಲೈಸೆನ್ಸನ್ನು ಅವಳ ಹೆಸರಿಗೆ ಮಾಡಿಸಿ, ಚೌಕಟ್ಟು ಕಟ್ಟಿಸಿ, ಗೋಡೆಗೆ ತೂಗುಹಾಕಿದ್ದರು. ಹೆಸರು ಅಂಗಡಿಯ ಗೋಡೆಯ ಮೇಲೆ, ಹೆಸರಿನವಳು ಹಿಂದುಗಡೆ ಅಡುಗೆಮನೆಯಲ್ಲಿ. ಮಾವ ಊಟ ಮಾಡಿ ಅಡ್ಡಾಗುವ ಎರಡು ಗಂಟೆ ಹೊತ್ತು ಮಾತ್ರ ಅವಳು ಅಂಗಡಿಯಲ್ಲಿ ಕೂರಬಹುದಿತ್ತು.

ಅಂಥ ಒಂದು ಮಧ್ಯಾಹ್ನ ಯಾರಿಗೋ ರಕ್ತದೊತ್ತಡದ ಮಾತ್ರೆ ಕೊಡಲೆಂದು ಡ್ರಾಯರ್ ಎಳೆದರೆ ಅದರೊಳಗೆ ಸಕ್ಕರೆ ಕಾಯಿಲೆಯ ಮಾತ್ರೆಯ ಪಟ್ಟಿಗಳೂ ಬೆರೆತು ಬಿದ್ದಿದ್ದವು. ಎರಡೂ ಒಂದೇ ಕಂಪನಿಯವು. ಎರಡರ ಹೊದಿಕೆಯೂ ನೀಲಿ. ಹೆಸರಿನಲ್ಲಿ ಎರಡಕ್ಷರದ ವ್ಯತ್ಯಾಸ. ಗಿರಾಕಿಯನ್ನು ಕಳಿಸಿದವಳೇ ನೆಲದ ಮೇಲೆ ಕೂತು ಎಲ್ಲವನ್ನೂ ಬೇರೆ ಮಾಡಿ, ಸಕ್ಕರೆಯದನ್ನು ಮೇಲಿನ ಡ್ರಾಯರಿಗೆ ಹಾಕಿ, ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದಳು.

ಸಂಜೆ ಚಹಾ ಸೋಸುತ್ತಿದ್ದಾಗ ಕೂಗು ಬಂತು.

“ನನ್ನ ಡ್ರಾಯರಿಗೆ ಕೈ ಹಾಕಿದೋರು ಯಾರು?”

“ನಾನೇ ಮಾವ. ಎರಡೂ ಬೆರೆತುಹೋಗಿತ್ತು. ನೋಡೋಕೆ ಒಂದೇ ಥರ ಇವೆಯಲ್ಲ, ಅದಕ್ಕೆ...”

“ಯಾರಿಗೆ ಒಂದೇ ಥರ?”

ಕೆಲವು ತಿಂಗಳಿಂದ ಅವಳು ಗಮನಿಸುತ್ತಲೇ ಇದ್ದಳು. ಮಾವ ಡಾಕ್ಟರ ಚೀಟಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಓರೆ ಮಾಡಿ, ಕೊನೆಗೆ ‘ಡಾಕ್ಟ್ರು ಏನಂದ್ರು?’ ಎಂದು ಗಿರಾಕಿಯನ್ನೇ ಕೇಳುತ್ತಿದ್ದರು. ಮಾತ್ರೆಯ ಪಟ್ಟಿಯನ್ನು ಹೆಬ್ಬೆರಳಲ್ಲಿ ಸವರಿ ನೋಡುತ್ತಿದ್ದರು.

“ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ ಮಾವ. ಪೊರೆ ಬಂದಿದ್ರೆ ತೆಗೆಯೋದು ಅರ್ಧ ದಿನದ ಕೆಲಸ.”

“ನೋಡಮ್ಮಾ, ನಲವತ್ತಾರು ವರ್ಷದಿಂದ ಈ ಡ್ರಾಯರುಗಳು ನನ್ನ ಕೈ ಮಾತು ಕೇಳ್ಕೊಂಡು ಬಂದಿವೆ. ಚೀಟಿ ಅಂಟಿಸ್ಕೊಂಡು ಕೆಲಸ ಮಾಡೋದು ಪುಸ್ತಕ ಓದಿ ಬಂದೋರು. ಕಿತ್ತುಹಾಕು ಅದನ್ನ.”

ಅವಳು ಕಿತ್ತುಹಾಕಲಿಲ್ಲ. ಅವರೇ ಉಗುರಿನಿಂದ ಕೆರೆದು ತೆಗೆದರು. ಪಟ್ಟಿಗಳನ್ನೆಲ್ಲ ಬಾಚಿ ಮತ್ತೆ ಕೆಳಗಿನ ಡ್ರಾಯರಿಗೆ ಸುರಿದರು.

ಮಾರನೆಯ ದಿನದಿಂದ ಅವಳು ಮಾಡಿದ ಅಡುಗೆಯಲ್ಲಿ ಉಪ್ಪು ಇದ್ದರೂ ಇರಲಿಲ್ಲ, ಇಲ್ಲದಿದ್ದರೂ ಹೆಚ್ಚಾಗಿತ್ತು. ಅತ್ತೆ ತಟ್ಟೆಯ ಅನ್ನವನ್ನು ಬೆರಳಿನಿಂದ ಅತ್ತಿತ್ತ ತಳ್ಳಿ, “ಮನೆ ಹಿರೀಕರಿಗೆ ಕುರುಡು ಅನ್ನೋ ಬಾಯಿಗೆ ಬೆಂದದ್ದು ಬೇಯದ್ದು ಹೇಗೆ ಗೊತ್ತಾಗಬೇಕು” ಎಂದರು. ಸೊಸೆ ಒರೆಸಿಟ್ಟ ಒಲೆಯನ್ನು ಅವಳ ಎದುರಿಗೇ ಮತ್ತೊಮ್ಮೆ ಒರೆಸಿದರು.

ಗಂಡ ಶಾಲೆಯಲ್ಲಿ ಭಾಷೆ ಕಲಿಸುವ ಮೇಷ್ಟ್ರು. ಉತ್ತರಪತ್ರಿಕೆಯ ಕಟ್ಟು ಬಿಚ್ಚುತ್ತ ಹೆಂಡತಿಯ ಮಾತು ಕೇಳಿದ.

“ನೀನು ಹೇಳೋದು ಸರಿ. ಆದ್ರೆ ಅಪ್ಪನಿಗೆ ಹೀಗೆ ಮುಖಕ್ಕೆ ಹೊಡೆದಂಗೆ ಹೇಳಿದ್ರೆ ಆಗಲ್ಲ. ಸಮಯ ನೋಡಿ ನಾನೇ ಹೇಳ್ತೀನಿ.”

“ಆ ಸಮಯ ಯಾವಾಗ ಬರುತ್ತೆ ರೀ?”

“ಅದನ್ನ ಕಾಯೋದೇ ವಿವೇಕ ಕಣೆ.”

“ಹಾಗಾದ್ರೆ ನಿಮ್ಮ ಮನೇಲಿ ಎಲ್ಲರಿಗೂ ಜಾಸ್ತಿನೇ ಇದೆ. ಕಾಯ್ತಾನೇ ಇದ್ದೀರ.”

ಅವನು ಕೆಂಪು ಪೆನ್ನಿನ ಮುಚ್ಚಳ ತೆಗೆದು ಯಾರದೋ ಕಾಗುಣಿತ ತಿದ್ದತೊಡಗಿದ.

ಹೀಗೆ ಒಂದು ವಾರ ಕಳೆಯಿತು. ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಹತ್ತು ವರ್ಷದ ಮಗಳು ಪುಟ್ಟಿ ಪುಸ್ತಕ ತಂದು ತಟ್ಟೆಯ ಪಕ್ಕ ಇಟ್ಟುಕೊಂಡಳು. ಐದು ಪದಗಳಿಗೆ ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಬೇಕಿತ್ತು. ನಾಲ್ಕು ಮುಗಿದಿದ್ದವು.

“ವಿವೇಕ ಅಂದ್ರೆ ಏನು?”

ಅತ್ತೆ ನಕ್ಕರು. “ತಾತನ್ನ ಎದುರಿಗೆ ಕೂರಿಸ್ಕೊಂಡು ಇದನ್ನ ಕೇಳ್ತೀಯಲ್ಲೇ!”

“ಅರ್ಥ ಬರೀಬೇಕು ಅಜ್ಜಿ. ತಾತ ಅಂತ ಬರೆದ್ರೆ ಟೀಚರ್ ಸೊನ್ನೆ ಹಾಕ್ತಾರೆ.”

“ವಿವೇಕ ಅಂದ್ರೆ,” ಮಾವ ತುತ್ತು ಮುಗಿಸಿ ಹೇಳಿದರು, “ಎಲ್ಲಿ ಮಾತಾಡಬೇಕು, ಎಲ್ಲಿ ಬಾಯಿ ಮುಚ್ಕೊಂಡಿರಬೇಕು ಅನ್ನೋದು ತಿಳ್ಕೊಂಡಿರೋದು. ಹೆಚ್ಚಾಗಿ ಬಾಯಿ ಮುಚ್ಕೊಂಡಿರೋದು.”

“ಮನೆ ಮಾತು ಬೀದಿಗೆ ಹೋಗದಂಗೆ ನೋಡ್ಕೊಳ್ಳೋದು. ಬರ್ಕೋ,” ಎಂದರು ಅತ್ತೆ, ಸೊಸೆಯ ಕಡೆ ನೋಡುತ್ತ.

ಪುಟ್ಟಿ ಅಪ್ಪನ ಕಡೆ ತಿರುಗಿದಳು. ಮೇಷ್ಟ್ರಿಗೆ ತನ್ನ ವಿಷಯ ಸಿಕ್ಕ ಖುಷಿ. “ಮೂಲದಲ್ಲಿ ಆ ಪದಕ್ಕೆ ಬೇರ್ಪಡಿಸೋದು ಅಂತ ಅರ್ಥ ಪುಟ್ಟಿ. ಒಳ್ಳೇದು ಯಾವುದು, ಕೆಟ್ಟದ್ದು ಯಾವುದು, ನಿಜ ಯಾವುದು, ಸುಳ್ಳು ಯಾವುದು ಅಂತ ಬೇರೆ ಬೇರೆ ಮಾಡಿ ನೋಡೋ ಶಕ್ತಿ.”

“ಹೌದಾ?” ಸೊಸೆ ಸೌಟು ಕೆಳಗಿಟ್ಟಳು. “ಬೇರ್ಪಡಿಸೋದೇ ವಿವೇಕ ಆದ್ರೆ ಆ ಕೆಳಗಿನ ಡ್ರಾಯರಲ್ಲಿ ಒಂದು ಚೂರೂ ಇಲ್ಲ.”

ಮಾವ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಇತ್ತು.

“ಅನ್ನದ ಮುಂದೆ ಕೂತೋರನ್ನ ಎಬ್ಬಿಸಿದೆಯಲ್ಲ,” ಅತ್ತೆಯ ದನಿ ಏರಿತು. “ಇವತ್ತು ನಿನ್ನ ಹೊಟ್ಟೆ ತಣ್ಣಗಾಯ್ತಾ?”

“ಡ್ರಾಯರ್ ಬೇರೆ ಮಾಡಿ ಅಂದಿದ್ದಕ್ಕೆ ಊಟ ಬಿಟ್ರೆ ನಾನೇನು ಮಾಡ್ಲಿ ಅತ್ತೆ?”

“ಸುಮ್ನಿರು! ಸುಮ್ನಿರು ಅಂತ ಹೇಳಿದ್ನಲ್ಲ!” ಗಂಡ ಕೂಗಿದ. ಹೆಂಡತಿಯ ಮೇಲೆ ಕೂಗಿದ್ದಕ್ಕೆ ನಾಚಿಕೆಯಾಗಿ ನೀರಿನ ಲೋಟಕ್ಕೆ ಕೈ ಚಾಚಿ ಅದನ್ನೂ ಉರುಳಿಸಿದ.

ಗದ್ದಲ ಮುಗಿದ ಮೇಲೆ ನೋಡಿದರೆ ಪುಟ್ಟಿ ವಾಕ್ಯ ಬರೆದು ಮುಗಿಸಿದ್ದಳು. ‘ನಮ್ಮ ಮನೆಯಲ್ಲಿ ಅಮ್ಮ ಸುಮ್ಮನಿದ್ದರೆ ಎಲ್ಲರಿಗೂ ವಿವೇಕ ಇರುತ್ತದೆ.’ ಮೇಷ್ಟ್ರು ಅದನ್ನು ರಬ್ಬರಿನಿಂದ ಹಾಳೆ ಹರಿಯುವ ಹಾಗೆ ಉಜ್ಜಿ ಅಳಿಸಿ, ‘ನಾವು ವಿವೇಕದಿಂದ ನಡೆಯಬೇಕು’ ಎಂದು ತಾನೇ ಬರೆದುಕೊಟ್ಟ. ಅದಕ್ಕೆ ಪೂರ್ತಿ ಅಂಕ ಬಂತು.

ಅದಾಗಿ ಹತ್ತು ದಿನಕ್ಕೆ ಹಿಂದಿನ ಬೀದಿಯ ಟೈಲರ್ ಹೆಂಗಸು ಕೆಲಸ ಮಾಡುತ್ತಿದ್ದಾಗಲೇ ಮೈಯೆಲ್ಲ ಬೆವತು, ಕೈ ನಡುಗಿ, ಹೊಲಿಗೆ ಯಂತ್ರದ ಮೇಲೆ ಮುಗ್ಗರಿಸಿ ಬಿದ್ದಳು. ಹಣೆ ಒಡೆದು ಐದು ಹೊಲಿಗೆ ಬಿತ್ತು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಸಕ್ಕರೆ ತೀರಾ ಕೆಳಗಿಳಿದಿತ್ತು. ‘ಇನ್ನೊಂದು ಗಂಟೆ ತಡವಾಗಿದ್ರೆ ಕಷ್ಟವಿತ್ತು’ ಎಂದ ಡಾಕ್ಟರು, ಯಾವ ಮಾತ್ರೆ ನುಂಗುತ್ತಿದ್ದಾಳೆಂದು ಕೇಳಿದರು. ಅವಳಿಗೆ ಇದ್ದದ್ದು ರಕ್ತದೊತ್ತಡ. ಚೀಲದಲ್ಲಿ ಸಿಕ್ಕಿದ್ದು ಸಕ್ಕರೆ ಕಾಯಿಲೆಯ ಪಟ್ಟಿ. ನೀಲಿ ಬಣ್ಣದ್ದು.

ಅವಳ ಗಂಡ ವೆಲ್ಡರ್. ಮಾರನೆಯ ಬೆಳಿಗ್ಗೆ ಕೆಲಸದ ಮಸಿ ಬಟ್ಟೆಯಲ್ಲೇ ಬಂದು ಪಟ್ಟಿಯನ್ನು ಗಾಜಿನ ಮೇಲೆ ಬಡಿದ. “ಏನ್ರೀ ಇದು? ಬಂದ ಕಾಯಿಲೆಗೆ ಔಷಧಿ ಕೊಡಿ ಅಂದ್ರೆ ಇಲ್ಲದ ಕಾಯಿಲೆಗೆ ಕೊಡ್ತೀರಾ?”

ಮಾವ ಪಟ್ಟಿಯನ್ನು ಕೈಗೆತ್ತಿಕೊಂಡರು. ಹೆಬ್ಬೆರಳಿನಿಂದ ಸವರಿದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ. “ನೋಡಪ್ಪಾ, ಸಿಟ್ಟಲ್ಲಿ ನ್ಯಾಯ ಆಗಲ್ಲ. ಸಂಜೆ ಹೆಂಡತಿನ ಕರ್ಕೊಂಡು ಬಾ. ವಿಚಾರಿಸಿ ಹೇಳ್ತೀನಿ. ನನ್ನ ಮನೆಯೋರೇ ತಪ್ಪು ಮಾಡಿದ್ರೂ ಮುಚ್ಚಿಡೋ ಪೈಕಿ ನಾನಲ್ಲ.”

ಜಗಳವಾಡಲೆಂದು ಬಂದ ವೆಲ್ಡರ್ ಅಭ್ಯಾಸಬಲದಿಂದ ತಲೆಯಾಡಿಸಿ ಹೋದ.

ಮಧ್ಯಾಹ್ನ ಮೇಷ್ಟ್ರು ಅರ್ಧ ದಿನ ರಜೆ ಹಾಕಿ ಬಂದ. ಅಡುಗೆಮನೆಯಲ್ಲಿ ಸೊಸೆ ತರಕಾರಿ ಹೆಚ್ಚುತ್ತಿದ್ದಳು. ಅವಳ ಸುತ್ತ ಮೂವರೂ ನಿಂತರು. ಮೊದಲು ಮಾತೆತ್ತಿದ್ದು ಗಂಡ.

“ಟೈಲರ್ ಬಂದಿದ್ದು ಯಾವ ಹೊತ್ತಿಗೆ ಅಂತ ಯಾರೂ ನೋಡಿಲ್ಲ. ಮಧ್ಯಾಹ್ನ ಬಂದಿದ್ಲು, ನೀನು ಗಡಿಬಿಡೀಲಿ ಕೊಟ್ಟೆ ಅಂತ ಆದ್ರೆ... ನಿನಗೆ ಚಿಕ್ಕ ವಯಸ್ಸು. ಜನ ಎರಡು ದಿನ ಮಾತಾಡ್ತಾರೆ, ಮರೀತಾರೆ. ಅಪ್ಪನದ್ದು ಹಾಗಲ್ಲ.”

ಚಾಕು ನಿಂತಿತು. “ಅವಳು ಬಂದಿದ್ದು ಸಂಜೆ. ನಾನು ಇಲ್ಲಿ ಹಿಟ್ಟು ನಾದ್ತಿದ್ದೆ. ಅವಳ ದನಿ ಕೇಳಿಸ್ತು.”

“ಲೈಸೆನ್ಸ್ ನಿನ್ನ ಹೆಸರಲ್ಲಿದೆ ಕಣೆ. ಹೇಗಿದ್ರೂ ಕೇಳೋದು ನಿನ್ನನ್ನೇ.”

“ಲೈಸೆನ್ಸ್ ಮಾಡಿಸಿದಾಗ ಬರೀ ಒಂದು ಸಹಿ ಅಂದಿದ್ರಿ.”

“ನೋಡಮ್ಮಾ,” ಮಾವ ಬಾಗಿಲ ಚೌಕಟ್ಟು ಹಿಡಿದು ಮೆತ್ತಗೆ ಹೇಳಿದರು, “ನೀನು ಓದಿದೋಳು, ವಿವೇಕಿ. ಒಂದು ಮನೆತನದ ಹೆಸರು ಉಳಿಸೋದು ದೊಡ್ಡದೋ, ನಿನ್ನ ಒಂದು ಮಾತು ದೊಡ್ಡದೋ ಯೋಚನೆ ಮಾಡು.”

ಹನ್ನೆರಡು ವರ್ಷದಲ್ಲಿ ಅವರು ಅವಳನ್ನು ವಿವೇಕಿ ಎಂದದ್ದು ಅದೇ ಮೊದಲು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

“ಅವಳು ಸತ್ತಿದ್ರೂ ಇದೇ ಹೇಳ್ತಿದ್ರಾ ಮಾವ?”

“ಅಪಶಕುನದ ಬಾಯಿ!” ಅತ್ತೆ ಹೆಚ್ಚಿದ ತರಕಾರಿಯ ಬಟ್ಟಲನ್ನು ಅವಳ ಮುಂದಿನಿಂದ ಎಳೆದುಕೊಂಡರು. “ಈ ಮನೇಲಿ ಇರಬೇಕು ಅಂತಿದ್ರೆ ಸಂಜೆ ತಲೆ ತಗ್ಗಿಸಿ ನಿಂತ್ಕೋ. ಇಲ್ಲ ಅಂದ್ರೆ ನಿನ್ನ ದಾರಿ ನೀನು ನೋಡ್ಕೋ.”

ಗಂಡ ಏನಾದರೂ ಹೇಳುತ್ತಾನೇನೋ ಎಂದು ಅವಳು ಕಾದಳು. ಅವನು ಕಿಟಕಿಯಾಚೆ ಒಣಗಿದ ಬಟ್ಟೆ ನೋಡುತ್ತಿದ್ದ.

ಸಂಜೆ ಅಂಗಡಿಯ ಮುಂದೆ ಹದಿನೈದು ಇಪ್ಪತ್ತು ಜನ ಸೇರಿದರು. ಹಣೆಗೆ ಪಟ್ಟಿ ಕಟ್ಟಿದ ಟೈಲರನ್ನು ಬೆಂಚಿನ ಮೇಲೆ ಕೂರಿಸಿದರು. ಮಾವ ಕಣ್ಣು ಮುಚ್ಚಿ ಎಲ್ಲ ಕೇಳಿಸಿಕೊಂಡರು.

“ನೋಡಪ್ಪಾ, ನನಗೆ ಒಳಗಿನೋರು ಹೊರಗಿನೋರು ಅಂತ ಇಲ್ಲ. ತಪ್ಪು ನನ್ನ ಮನೇಲೇ ಆಗಿದೆ. ಅಂಗಡಿ ನನ್ನ ಸೊಸೆ ಹೆಸರಲ್ಲಿದೆ. ಮಗು, ಅಡುಗೆ, ಮನೆ ಅಂತ ಗಡಿಬಿಡೀಲಿ ಅವಳ ಕೈ ತಪ್ಪಿದೆ. ಅವಳ ಪರವಾಗಿ ನಾನು ನಿಮ್ಮೆಲ್ಲರ ಮುಂದೆ ಕೈ ಮುಗೀತೀನಿ.” ನಿಜವಾಗಿಯೂ ಮುಗಿದರು.

“ಸ್ವಂತ ಸೊಸೆ ಅಂತಾನೂ ನೋಡ್ಲಿಲ್ಲ,” ಎಂದು ಹಿಂದಿನಿಂದ ಯಾರೋ ಮೆಚ್ಚಿದರು. ವೆಲ್ಡರ್ ಕೂಡ ಕೈ ಮುಗಿಯುವುದೋ ಬೇಡವೋ ಎಂದು ತಡಕಾಡಿದ.

ಸೊಸೆ ಒಳಬಾಗಿಲಿಂದ ಮುಂದೆ ಬಂದು ಬೆಂಚಿನ ಎದುರು ನಿಂತಳು. “ಅಕ್ಕಾ, ಆವತ್ತು ಮಾತ್ರೆ ನಿಮ್ಮ ಕೈಗೆ ಕೊಟ್ಟಿದ್ದು ಯಾರು?”

ಟೈಲರ್ ತಲೆ ತಗ್ಗಿಸಿದಳು. ಎರಡು ವರ್ಷದ ಹಿಂದೆ ವೆಲ್ಡರ್ ಕುಡಿದು ಅವಳ ಹೊಲಿಗೆ ಯಂತ್ರವನ್ನು ಬೀದಿಗೆಸೆದಾಗ, ಇದೇ ಕುರ್ಚಿಯಲ್ಲಿ ಕೂತು ಅವನ ಕೈಯಿಂದಲೇ ಅದನ್ನು ಮತ್ತೆ ಒಳಗಿಡಿಸಿದ್ದು ಇದೇ ಮುದುಕರು. ಅವಳು ಕುರ್ಚಿಯ ಕಡೆ ನೋಡಲಿಲ್ಲ, ಸೊಸೆಯ ಕಡೆಯೂ ನೋಡಲಿಲ್ಲ.

“ನೆನಪಾಗ್ತಿಲ್ಲಮ್ಮಾ. ತಲೆಗೆ ಪೆಟ್ಟು ಬಿದ್ದಿದೆಯಲ್ಲ.”

ಸೊಸೆಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಏನು ಮಾಡಬೇಕೆಂದು ಆ ಗಳಿಗೆಯವರೆಗೂ ಅವಳಿಗೇ ಗೊತ್ತಿರಲಿಲ್ಲ. ಸ್ಟೂಲು ಎಳೆದುಕೊಂಡಳು, ಹತ್ತಿದಳು, ಗೋಡೆಯ ಚೌಕಟ್ಟನ್ನು ಮೊಳೆಯಿಂದ ಬಿಡಿಸಿದಳು.

“ಅಂಗಡಿ ನನ್ನ ಹೆಸರಲ್ಲಿದೆ ಅಂದ್ರಿ ಮಾವ. ಅದು ನಿಜ. ಅಂದ್ಮೇಲೆ ಈ ಅಂಗಡಿ ತೆಗೆಯೋದು ಮುಚ್ಚೋದು ನನ್ನ ಮಾತು. ಇವತ್ತಿಂದ ಮುಚ್ಚಿದೆ. ಎಲ್ಲರೂ ಕೆಳಗಿಳೀರಿ.” ಜನರ ಕಡೆ ತಿರುಗಿದಳು. “ಎರಡು ತಿಂಗಳಿಂದ ಇಲ್ಲಿ ಮಾತ್ರೆ ತಗೊಂಡೋರು ಈಗಲೇ ಮನೆಗೆ ಹೋಗಿ ಪಟ್ಟಿ, ಡಾಕ್ಟ್ರ ಚೀಟಿ ಎರಡೂ ತಂದು ನನಗೆ ತೋರಿಸಿ. ಬರೋಕಾಗದೆ ಇರೋರ ಮನೆಗೆ ನಾನೇ ಬರ್ತೀನಿ.”

“ಏಯ್!” ಮಾವ ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು. “ಯಾರ ಅಂಗಡಿ ಅಂತ ಮುಚ್ತೀಯೆ?”

“ಈಗ ತಾನೇ ನೀವೇ ಹೇಳಿದ್ರಲ್ಲ.”

ಅವಳು ಕೊಕ್ಕೆಯ ಕೋಲು ತೆಗೆದುಕೊಂಡು ಷಟರ್ ಎಳೆದಳು. ಗಡಗಡ ಸದ್ದಿಗೆ ಜನ ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಗಂಡ ತಡೆಯಲೆಂದು ಮುಂದೆ ಬಂದವನು ಅವಳ ಮುಖ ನೋಡಿ ಪಕ್ಕಕ್ಕೆ ಸರಿದ.

ಮಾರನೆಯ ದಿನ ಅವಳು ಔಷಧ ಇಲಾಖೆಯ ಕಚೇರಿಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟಳು, ತನ್ನ ಲೈಸೆನ್ಸಿನ ಕೆಳಗೆ ಬೇರೆಯವರು ಮಾತ್ರೆ ಕೊಡಲು ಬಿಟ್ಟದ್ದು ತನ್ನ ತಪ್ಪು ಎಂಬುದನ್ನೂ ಸೇರಿಸಿ. ಲೈಸೆನ್ಸನ್ನು ಆರು ತಿಂಗಳು ತಡೆಹಿಡಿದರು.

ಮನೆ ಎರಡಾಯಿತು. ಅತ್ತೆ ತಮಗೂ ಗಂಡನಿಗೂ ಬೇರೆ ಪಾತ್ರೆಯಲ್ಲಿ ಬೇಯಿಸಿಕೊಂಡರು. ಬೇಳೆಯ ಡಬ್ಬಿ, ಎಣ್ಣೆಯ ಕ್ಯಾನು ಅವರ ಕೋಣೆಗೆ ಹೋದವು. ಮೇಷ್ಟ್ರು ಅಮ್ಮನ ಕಡೆ ಒಂದು ತುತ್ತು, ಹೆಂಡತಿಯ ಕಡೆ ಒಂದು ತುತ್ತು ತಿಂದು ಎರಡೂ ಕಡೆ ಬೈಸಿಕೊಂಡ. ಬೀದಿಯಲ್ಲಿ ಅವಳು ಹಾದುಹೋದರೆ ‘ಅವಿವೇಕಿ’ ಎನ್ನುವುದು ಕಿವಿಗೆ ಬೀಳುವಷ್ಟೇ ಮೆತ್ತಗೆ ಕೇಳುತ್ತಿತ್ತು. ಷಟರ್ ಎಳೆದ ಸಂಜೆ ಪಟ್ಟಿ ತಂದು ತೋರಿಸಿದವರು ಮೂವರೇ. ಉಳಿದವರನ್ನು ಅವಳೇ ಹುಡುಕಿಕೊಂಡು ಹೋದಳು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಒಬ್ಬಾಕೆ, “ನಿನ್ನ ಮನೆ ಮುರಿದಿದ್ದು ಸಾಲದೆ ನಮ್ಮನೆಗೂ ಬಂದ್ಯಾ?” ಎಂದು ಕದ ಹಾಕಿಕೊಂಡಳು. ಆದರೂ ಎರಡು ವಾರದಲ್ಲಿ ಎರಡು ಮನೆಗಳಲ್ಲಿ ತಪ್ಪು ಪಟ್ಟಿಗಳು ಸಿಕ್ಕವು. ಒಂದು, ಕಾವಲುಗಾರನ ತಾಯಿಯದ್ದು. ತಲೆಸುತ್ತಿಗೆ ವಯಸ್ಸಾಯಿತು ಎಂದುಕೊಂಡು ಆಕೆ ಹಾಸಿಗೆ ಹಿಡಿದಿದ್ದಳು. ಇನ್ನೊಂದು, ನಿವೃತ್ತ ಅಂಚೆಯವನದ್ದು. ಅವನು ನಾಳೆ ನುಂಗಿದರಾಯಿತು ಎಂದು ಒಂದನ್ನೂ ನುಂಗಿರಲಿಲ್ಲ. ಸೋಮಾರಿತನದಿಂದಲೇ ಬದುಕಿದ್ದೇನೆ ಎಂದು ನಕ್ಕ. ಆ ದಿನಗಳಲ್ಲಿ ಅವಳ ಮುಂದೆ ನಕ್ಕವನು ಅವನೊಬ್ಬನೇ.

ಎಲ್ಲರನ್ನೂ ಹುಡುಕಲು ದಾರಿಯಿರಲಿಲ್ಲ. ಯಾರ್ಯಾರಿಗೆ ಏನೇನು ಕೊಟ್ಟೆ ಎಂದು ಮಾವ ಬರೆದಿಟ್ಟವರಲ್ಲ. ಕೇಳಿದರೆ ಗೋಡೆಯ ಕಡೆ ಮುಖ ಮಾಡುತ್ತಿದ್ದರು.

ನಾಲ್ಕನೆಯ ವಾರ, ಒಂದು ಬೆಳಿಗ್ಗೆ, ಪುಟ್ಟಿ ಶಾಲೆಗೆ ಹೋದ ಮೇಲೆ ಅವಳು ಪಾತ್ರೆ ತೊಳೆಯುತ್ತಿದ್ದಳು. ಹಿಂದೆ ಕೆಮ್ಮಿನ ಸದ್ದಾಯಿತು. ಮಾವ ಗೋಡೆ ಹಿಡಿದುಕೊಂಡು ಬಂದು ಅಡುಗೆಮನೆಯ ಮಣೆಯ ಮೇಲೆ ಕೂತರು. ಮುಚ್ಚಿದ ಅಂಗಡಿಯ ಮುಂದೆ ಈಗ ಯಾರೂ ನಿಲ್ಲುತ್ತಿರಲಿಲ್ಲ. ಹೋದ ವಾರ ಒಂದು ಮೊಳ ಗೋಡೆಗಾಗಿ ಕಿತ್ತಾಡುವ ಅಣ್ಣತಮ್ಮಂದಿರು ಪೊಲೀಸ್ ಠಾಣೆಗೆ ಹೋಗಿದ್ದರು.

“ಬರ್ಕೋ,” ಎಂದರು.

“ಏನು ಮಾವ?”

“ಹೆಸರುಗಳು. ನನಗೆ ಅನುಮಾನ ಇರೋರದ್ದು.”

ಅವಳು ಕೈ ಒರೆಸಿಕೊಂಡು ಪುಟ್ಟಿಯ ಹಳೆಯ ನೋಟುಪುಸ್ತಕ ತಂದಳು. ಅವರು ಒಂದೊಂದಾಗಿ ಹೇಳಿದರು. ಬಡಗಿಯ ಹೆಂಡತಿ. ಲಾಂಡ್ರಿಯವನ ಅಣ್ಣ. ಮೂಲೆಮನೆಯ ಅವಳಿ ಮುದುಕಿಯರಲ್ಲಿ ದೊಡ್ಡವಳು. ಯಾವ ದಿನ, ಏನು ಕೇಳಿದರು, ಯಾವ ಡ್ರಾಯರಿಗೆ ಕೈ ಹಾಕಿದೆ, ಎಲ್ಲ ಸ್ಪಷ್ಟವಾಗಿ ಹೇಳಿದರು. ಹನ್ನೊಂದು ಹೆಸರುಗಳಾದವು. ಅವಳು ಪೆನ್ನನ್ನೂ ಪುಸ್ತಕವನ್ನೂ ಮಣೆಯ ಪಕ್ಕ ಕೆಳಗಿಟ್ಟಳು.

“ಅಂದ್ರೆ ಕೊಡುವಾಗಲೇ ನಿಮಗೆ ಅನುಮಾನ ಇತ್ತು.”

ಮಾವ ದನಿಯಲ್ಲಿ ಹಳೆಯ ಗಾಂಭೀರ್ಯ ತಂದುಕೊಂಡು, “ಅವರ ಮನೆಗಳಿಗೆ ಹೋದಾಗ ಇದನ್ನ ನಾನೇ ಹೇಳಿ ಕಳಿಸಿದ್ದು ಅಂತ ಹೇಳು. ವಿವೇಕಿಗಳೇ ಯೋಚನೆ ಮಾಡಿ ಕಳಿಸಿದ್ರು ಅಂತ,” ಎಂದರು.

ಅಷ್ಟು ಹೊತ್ತಿಗೆ ಅತ್ತೆ ತಮ್ಮ ಪಾತ್ರೆ ಹಿಡಿದು ಬಾಗಿಲಿಗೆ ಬಂದಿದ್ದರು. “ಹೇಳ್ಲೇಬೇಕು. ಇವರ ದೊಡ್ಡತನ ಎಂಥದ್ದು ಅಂತ ಜನಕ್ಕೆ ತಿಳೀಲಿ.”

“ಹೇಳ್ತೀನಿ ಮಾವ,” ಎಂದಳು ಸೊಸೆ. “ಆದ್ರೆ ಪೂರ್ತಿ ಹೇಳ್ತೀನಿ. ಮಾವನೇ ಕಳಿಸಿದ್ರು, ಮಾತ್ರೆ ಕೊಟ್ಟ ದಿನವೇ ಅವರಿಗೆ ಅನುಮಾನ ಇತ್ತು, ಇಷ್ಟು ದಿನ ಹೇಳಲಿಲ್ಲ ಅಂತ. ಅರ್ಧ ಹೇಳೋಕೆ ನನ್ನ ಕೈಲಾಗಲ್ಲ.”

“ನೋಡಿದ್ರಾ ಇವಳ ಕೊಬ್ಬು!” ಅತ್ತೆ ಪಾತ್ರೆ ಕುಕ್ಕಿದರು. “ಎದ್ದೇಳಿ. ಆ ಹಾಳೆ ಹರಿದುಹಾಕಿ. ಇವಳಿಗೆ ಒಂದು ಮಾತೂ ಹೇಳಬೇಡಿ ಇನ್ನು.”

ಮಾವ ಏಳಲಿಲ್ಲ. ಹಾಳೆಗೂ ಕೈ ಚಾಚಲಿಲ್ಲ. ನಲ್ಲಿಯಿಂದ ನೀರು ಸೋರುತ್ತಿತ್ತು, ಯಾರೂ ನಿಲ್ಲಿಸಲಿಲ್ಲ.

“ಇನ್ನೊಂದು ಹೆಸರಿದೆ,” ಎಂದರು ಕೊನೆಗೆ. “ನಿಮ್ಮತ್ತೆ. ಇವಳ ಒತ್ತಡದ ಮಾತ್ರೆ. ಹೋದ ತಿಂಗಳು ಕೆಳಗಿನ ಡ್ರಾಯರಿಂದಲೇ ತೆಗೆದುಕೊಟ್ಟೆ. ಯಾವುದು ಅಂತ ಖಾತ್ರಿ ಇಲ್ಲ.”

ಅತ್ತೆ ಕೇಳಿಸದವರಂತೆ ನಿಂತರು. ಆಮೇಲೆ “ನನಗಾ?” ಎಂದರು.

ಸೊಸೆ ಕೈ ನೀಡಿದಳು. “ಅತ್ತೆ, ಡಬ್ಬಿ ಕೊಡಿ.”

ಅತ್ತೆ ತಮ್ಮ ಕೋಣೆಗೆ ಹೋಗಿ ಪ್ಲಾಸ್ಟಿಕ್ ಡಬ್ಬಿ ತಂದು, ತಿಂಗಳಿಂದ ಮುಖ ನೋಡದಿದ್ದವಳ ಕೈಯಲ್ಲಿಟ್ಟರು. ಸೊಸೆ ಕಿಟಕಿಯ ಬಳಿ ಹೋಗಿ ಪಟ್ಟಿಯ ಎರಡೂ ಮಗ್ಗುಲು ನೋಡಿದಳು, ಹೆಸರನ್ನು ಅಕ್ಷರ ಅಕ್ಷರವಾಗಿ ಎರಡು ಸಲ ಓದಿದಳು.

“ಸರಿಯಾಗೇ ಇದೆ ಅತ್ತೆ. ನಿಮ್ಮ ಮಾತ್ರೆಯೇ.”

ಮಾವ ಉಸಿರು ಬಿಟ್ಟದ್ದು ಕೇಳಿಸಿತು. ಅತ್ತೆ ಡಬ್ಬಿ ವಾಪಸು ತೆಗೆದುಕೊಂಡು ಮುಚ್ಚಳವನ್ನು ನಿಧಾನವಾಗಿ ಒತ್ತಿ ಹಾಕಿದರು.

“ಸರಿ ಇದೆಯೋ ಇಲ್ವೋ ಅಂತ ಇವರಿಗೆ ಗೊತ್ತಿರಲಿಲ್ಲವಲ್ಲ,” ಎಂದರು. “ತಿಂಗಳಿಂದ ನಾನು ದಿನಾ ನುಂಗೋದನ್ನ ನೋಡ್ತಾ ಕೂತಿದ್ರು.”

ಗಂಡನ ಕಡೆ ಅವರು ತಿರುಗಲೇ ಇಲ್ಲ. ಮಣೆಯ ಪಕ್ಕ ಬಿದ್ದಿದ್ದ ನೋಟುಪುಸ್ತಕವನ್ನು ಬಗ್ಗಿ ಎತ್ತಿ ಸೊಸೆಗೆ ಕೊಟ್ಟರು.

“ಹೋಗು. ಎಲ್ಲಾ ಮನೆಗೂ ಹೋಗು. ಪೂರ್ತಿ ಹೇಳು.”